ಕುತ್ತಿಗೆಯ ‘ಅಲೈನ್‌ಮೆಂಟ್’: ಕನ್ನಡದಲ್ಲಿ ಏನೆನ್ನುತ್ತೀರಿ?

ಬಲ್ಲವರಲ್ಲಿ ಒಂದು ಪದ ಕೇಳುವುದಿದೆ. ನಾನು ಕೊಡಗಿನ ಸುಂಟಿಕೊಪ್ಪದ ಬಳಿ ಫಿಸಿಯೋಥೆರಪಿ ಮಾಡುತ್ತೇನೆ. ಬೆನ್ನು ಡೊಂಕಾದ ವಯಸ್ಕರಿಗಾಗಿ ಕುತ್ತಿಗೆಯ ಅಲೈನ್‌ಮೆಂಟ್ (ಮೂಳೆಗಳು ಒಂದರ ಮೇಲೊಂದು ಕುಳಿತಿರುವ ರೀತಿ) ಕುರಿತು ಎರಡು ಪುಟದ ಕನ್ನಡ ಕರಪತ್ರ ಬರೆಯಲು ಕುಳಿತು ಶೀರ್ಷಿಕೆಯಲ್ಲೇ ಸಿಕ್ಕಿಬಿದ್ದಿದ್ದೇನೆ. ನಮ್ಮಲ್ಲಿ ಅಲೈನ್‌ಮೆಂಟ್ ಎಂದರೆ ಜೀಪಿನ ಚಕ್ರದ್ದು.

ಮೊದಲು ಹೊಳೆದದ್ದು ‘ಜೋಡಣೆ’. ‘ಕುತ್ತಿಗೆಯ ಜೋಡಣೆ’ ಎಂದರೆ ಕಡಿದದ್ದನ್ನು ಮತ್ತೆ ಅಂಟಿಸಿದ ಹಾಗಾಯಿತು. ‘ಹೊಂದಾಣಿಕೆ’ ಆಗಲೇ ರಾಜಕೀಯ ಪಕ್ಷಗಳ ಪಾಲಾಗಿದೆ. ‘ನೇರ’ ಎಂದರೆ ಅರ್ಥವೇ ತಪ್ಪುತ್ತದೆ. ಕುತ್ತಿಗೆಯ ಏಳು ಮೂಳೆಗಳು ಸಾಮಾನ್ಯವಾಗಿ ಮುಂದಕ್ಕೆ ತುಸು ಉಬ್ಬಿದ ಬಾಗಿನಲ್ಲಿ ಕುಳಿತಿರುತ್ತವೆ. ನೂಲು ಹಿಡಿದಂತೆ ನೇರವಾಗಿದ್ದರೆ ಚೆನ್ನಾಗಿದೆ ಎಂದಲ್ಲ. ನೋಡುವುದು ತಲೆಯ ಭಾರ ಮೈಮೇಲೆ ಸರಿಯಾಗಿ ಕೂತಿದೆಯೇ ಎಂದು. ನಿಲ್ಲಿಸಿ ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಕುತ್ತಿಗೆಯ ಮೇಲಿನಿಂದ ಎರಡನೇ ಮೂಳೆಯ ನಡುವಿನಿಂದ, ಗಾರೆಯವರು ತೂಗುಗುಂಡು ಬಿಟ್ಟ ಹಾಗೆ, ಕೆಳಕ್ಕೆ ಗೆರೆ ಎಳೆಯುತ್ತಾರೆ. ಏಳನೇ ಮೂಳೆಯ ಹಿಂಬದಿಯ ಮೇಲ್ತುದಿಗಿಂತ ಗೆರೆ ಎಷ್ಟು ಮುಂದೆ ಬಿತ್ತು ಎಂಬುದೇ ಅಳತೆ. ಕುತ್ತಿಗೆಯ ಶಸ್ತ್ರಚಿಕಿತ್ಸೆ ಆದವರಲ್ಲಿ ಇದು ಸುಮಾರು 40 ಮಿಲಿಮೀಟರ್ ದಾಟಿದರೆ ದಿನದ ಕೆಲಸಗಳ ತೊಂದರೆ ಹೆಚ್ಚಿರುವುದು ಕಂಡುಬಂದಿದೆ.

ಇನ್ನೊಂದು ತೊಡಕು: ಇದು ಕುತ್ತಿಗೆಯೊಂದರ ವಿಷಯವಲ್ಲ. ಕೆಳಬೆನ್ನು ಮುಂದಕ್ಕೆ ಬಾಗಿದರೆ ಕಣ್ಣು ನೆಲ ನೋಡುತ್ತದೆ. ದಾರಿ ಕಾಣಬೇಕಲ್ಲ, ಕುತ್ತಿಗೆ ಹಿಂದಕ್ಕೆ ಮಣಿದು ಮುಖವನ್ನು ಎತ್ತಿ ಹಿಡಿಯುತ್ತದೆ. ಬೆನ್ನಿನ ಸಾಲವನ್ನು ಕುತ್ತಿಗೆ ತೀರಿಸಿದ ಹಾಗೆ. ಇಷ್ಟನ್ನೂ ಹೊರಬಲ್ಲ ಪದ ಬೇಕು.

ಪದ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕಳೆದ ತಿಂಗಳಿನದೇ ಉದಾಹರಣೆ. ವರ್ಷಗಟ್ಟಲೆ ಏಣಿ ಹತ್ತಿ ಕರಿಮೆಣಸು ಕೊಯ್ದ, ಈಗ ತೋಟದ ಕೆಲಸಗಾರರ ಲೈನ್‌ಮನೆಯಲ್ಲೇ ಇರುವ ಅಜ್ಜಿಯೊಬ್ಬರನ್ನು ನನ್ನ ಪ್ರಶ್ನಾವಳಿ ಹಿಡಿದು ಕೇಳಿದೆ: “ತಲೆ ಎತ್ತಿ ನಡೆಯಲು ಆಗುತ್ತದೆಯೇ ಅಜ್ಜಿ?” ಅವರ ಮುಖ ಕೆಂಪಾಯಿತು. “ನಾನು ಯಾರ ಮನೆ ಹಾಳು ಮಾಡಿದ್ದೇನೆ ಮಗಳೇ, ತಲೆ ತಗ್ಗಿಸುವುದಕ್ಕೆ?” ನಮ್ಮ ಭಾಷೆಯಲ್ಲಿ ತಲೆ ಎತ್ತುವುದೂ ತಗ್ಗಿಸುವುದೂ ಮಾನದ ಲೆಕ್ಕ, ಮೂಳೆಯದಲ್ಲ, ನನಗೆ ಅದು ಮೊದಲೇ ಹೊಳೆಯಬೇಕಿತ್ತು. ಸಮಾಧಾನವಾದ ಮೇಲೆ ಅವರೇ ಹೇಳಿದರು: “ಎದುರಿಗೆ ಬಂದವರನ್ನು ಚಪ್ಪಲಿ ನೋಡಿ ಗುರುತಿಸುತ್ತೇನೆ.” ಆ ಪ್ರಶ್ನೆ ಈಗ ‘ಎದುರು ನಿಂತವರ ಮುಖ ನೋಡಲು ಕಷ್ಟವೇ?’ ಎಂದಾಗಿದೆ.

1991ರಲ್ಲಿ ಪ್ರಕಟವಾದ, ಕುತ್ತಿಗೆ ನೋವಿನಿಂದಾಗುವ ಅಡಚಣೆಯನ್ನು ಅಳೆಯುವ ಹತ್ತು ಭಾಗಗಳ ಪ್ರಶ್ನಾವಳಿಯಲ್ಲಿ ಓದು, ನಿದ್ದೆ, ಭಾರ ಎತ್ತುವುದರ ಜೊತೆಗೆ ವಾಹನ ಓಡಿಸುವುದೂ ಇದೆ. ಸ್ಟೀರಿಂಗ್ ಮುಟ್ಟದ ಅಜ್ಜಿಯ ಮುಂದೆ ಅದನ್ನು ಓದಿ ಹೇಳುವಾಗ ನನಗೇ ನಗು ಬಂತು.

ಕರಪತ್ರದ ಬೇರೆ ಪದಗಳಲ್ಲಿ, ‘ಕ್ವಾಲಿಟಿ ಆಫ್ ಲೈಫ್’ಗೆ ‘ಬದುಕಿನ ಗುಣಮಟ್ಟ’ವನ್ನು ಒಲ್ಲದ ಮನಸ್ಸಿನಿಂದ ಉಳಿಸಿಕೊಂಡಿದ್ದೇನೆ, ಇಲ್ಲಿ ಗುಣಮಟ್ಟ ಎಂದರೆ ಕಾಫಿ ಬೀಜ ನೆನಪಾಗುತ್ತದೆ. ‘ಜೀವನಮಟ್ಟ’ ಆದಾಯದ ಮಾತಾಗುತ್ತದೆ. ‘ಡಿಫಾರ್ಮಿಟಿ’ಗೆ ‘ವಿರೂಪ’ ಬೇಡ, ಅದನ್ನು ಯಾರ ಕೈಗೂ ಕೊಡಲಾಗದು; ‘ಬೆನ್ನಿನ ಡೊಂಕು’ ಸಾಕು. ಹಾಗೆಯೇ, ಬೆನ್ನುಮೂಳೆಗೆ ‘ಬೆನ್ನುಹುರಿ’ ಎಂದು ಬರೆಯುವ ಪತ್ರಿಕೆಯವರೇ, ಹುರಿ ಎಂದರೆ ಒಳಗಿನ ನರದ ಹಗ್ಗ!

ಸದ್ಯಕ್ಕೆ ನನ್ನ ಆಯ್ಕೆ ‘ಕುತ್ತಿಗೆಯ ನಿಲುವು’. ಸರ್ಕಾರದ ನಿಲುವು, ಪಕ್ಷದ ನಿಲುವು ಎಂದು ಓದಿ ಓದಿ ಅದರ ಮೈಯ ಅರ್ಥ ಸವೆದಿದೆಯೇ? ಕೂರುವ, ನಿಲ್ಲುವ ರೀತಿಗೆ ‘ಭಂಗಿ’ಯನ್ನು ಬಿಟ್ಟುಕೊಟ್ಟು, ಮೂಳೆಗಳ ಇರವಿಗೆ ‘ನಿಲುವು’ ಎಂದರೆ ಓದುಗರು ಬೇರ್ಪಡಿಸಿ ಗ್ರಹಿಸುತ್ತಾರೆಯೇ? ತಲೆ ಮುಂದಕ್ಕೆ ಸರಿದ ಆ ಮಿಲಿಮೀಟರುಗಳಿಗೆ ಅಜ್ಜಿಯ ಬಾಯಲ್ಲಿ ಬಂದದ್ದು ‘ವಾಲು’: “ಗಾಳಿಗೆ ಸಿಲ್ವರ್ ಮರ ವಾಲಿದ ಹಾಗೆ.” ಅದನ್ನು ನಾಮಪದವಾಗಿ ‘ತಲೆಯ ವಾಲು’ ಎಂದು ಅಚ್ಚು ಹಾಕಬಹುದೇ, ‘ವಾಲಿಕೆ’ ಎನ್ನಲೇಬೇಕೇ?