ಸಂಬಳದಲ್ಲಿ ಪಿಎಫ್ ಮುರೀತಾರೆ, ಪಾಸ್‌ಬುಕ್‌ನಲ್ಲಿ ಇಲ್ಲ: ಅನುಭವ ಇರೋರು ಹೇಳಿ

ಪೀಣ್ಯದ ಹುಡುಗ:

ಎಲ್ಲರಿಗೂ ನಮಸ್ಕಾರ. 60 ಜನ ಇರೋ ಒಂದು ಸಣ್ಣ ಕಂಪನಿಯಲ್ಲಿ ನಾಲ್ಕು ವರ್ಷದಿಂದ ಇದೀನಿ. ಪ್ರತಿ ತಿಂಗಳು ಸ್ಲಿಪ್‌ನಲ್ಲಿ ಪಿಎಫ್ ಅಂತ 1,800 ರೂಪಾಯಿ ಮುರೀತಾರೆ. ಊರಲ್ಲಿ ಮನೆ ಸೋರ್ತಿದೆ, ರಿಪೇರಿಗೆ ಅಡ್ವಾನ್ಸ್ ತೆಗೆಯೋಣ ಅಂತ ಮೊನ್ನೆ ಪಾಸ್‌ಬುಕ್ ನೋಡಿದ್ರೆ ಒಂಬತ್ತು ತಿಂಗಳಿಂದ ಒಂದು ಪೈಸೆ ಬಿದ್ದಿಲ್ಲ. ಎಚ್‌ಆರ್ ಮೇಡಂ ಮೊದಲು ಸರ್ವರ್ ಪ್ರಾಬ್ಲಂ ಅಂದ್ರು. ಮತ್ತೆ ಕೇಳಿದಾಗ ಪಾರ್ಟಿ (ಗಿರಾಕಿ) ಪೇಮೆಂಟ್ ಬರಲಿ, ಒಟ್ಟಿಗೆ ಕಟ್ತೀವಿ ಅಂದ್ರು. ಕಂಪ್ಲೇಂಟ್ ಕೊಟ್ರೆ ನನ್ನ ಹೆಸರು ಗೊತ್ತಾಗುತ್ತಾ? ಕೆಲಸ ಹೋದ್ರೆ ಅನ್ನೋದೇ ಭಯ. ಇಂಥದ್ದು ಅನುಭವಿಸಿದೋರು ಇದ್ರೆ ದಯವಿಟ್ಟು ಹೇಳಿ.

ಹಳೇ ಲೆಕ್ಕಿಗ:

ಹನ್ನೆರಡು ವರ್ಷ ಅಕೌಂಟ್ಸ್‌ನಲ್ಲಿ ಕೂತು ಕೈಯಾರೆ ಪಿಎಫ್ ಚಲನ್ ಕಟ್ಟಿದವನು ನಾನು. ಸರ್ವರ್ ಒಂದು ದಿನ ಕೆಡುತ್ತೆ, ಎರಡು ದಿನ ಕೆಡುತ್ತೆ. ಒಂಬತ್ತು ತಿಂಗಳು ಕೆಡಲ್ಲ ತಮ್ಮಾ. ಒಂದು ತಿಂಗಳ ಪಿಎಫ್ ಮುಂದಿನ ತಿಂಗಳ 15ರೊಳಗೆ ಕಟ್ಟಲೇಬೇಕು. ಪಾರ್ಟಿ ದುಡ್ಡು ಕೊಟ್ಟನೋ ಬಿಟ್ಟನೋ ಅದು ಮಾಲೀಕರ ಕಷ್ಟ. ನಿನ್ನ 1,800 ಆಗಲೇ ನಿನ್ನ ಸಂಬಳದಿಂದ ಹೋಗಿದೆ. ಅಷ್ಟೇ ಮೊತ್ತ ಅವರೂ ಹಾಕಬೇಕಿತ್ತು. ಒಂಬತ್ತು ತಿಂಗಳಿಗೆ 32,400 ರೂಪಾಯಿ ಆಯ್ತು, ಅದರಲ್ಲಿ 16,200 ನೀನೇ ದುಡಿದದ್ದು.

ಸರಿಯಾಗಿ ಕಟ್ಟಿದ ತಿಂಗಳು ಪಾಸ್‌ಬುಕ್‌ನಲ್ಲಿ ಹೇಗೆ ಕಾಣುತ್ತೆ ನೋಡ್ಕೋ: ಒಂದೇ ಸಾಲಲ್ಲಿ 1,800, 550, 1,250. ಮೊದಲನೇದು ನಿಂದು, ಉಳಿದ ಎರಡೂ ಕಂಪನಿದು. 550 ಪಿಎಫ್‌ಗೆ, 1,250 ಪಿಂಚಣಿಗೆ. ತುಂಬಾ ಜನ 1,250 ಕಾಣದೆ ಕಂಪನಿ ಕಡಿಮೆ ಕಟ್ಟಿದೆ ಅಂತ ಜಗಳಕ್ಕೆ ಹೋಗ್ತಾರೆ, ಅದು ಪಿಂಚಣಿ ಕಾಲಂನಲ್ಲಿ ಇರುತ್ತೆ.

ಎಚ್‌ಆರ್ ಹತ್ತಿರ ಮೂರನೇ ಸಲ ಹೋಗೋ ಮುಂಚೆ ಒಂದು ಕೆಲಸ ಮಾಡು. ಪಿಎಫ್ ನೋಡ್ಕೊಳ್ಳೋ ಕೇಂದ್ರ ಸಂಸ್ಥೆ ಇಪಿಎಫ್ಒ, ಅದರ ವೆಬ್‌ಸೈಟ್‌ನಲ್ಲಿ ಎಸ್ಟಾಬ್ಲಿಷ್‌ಮೆಂಟ್ ಸರ್ಚ್ ಅಂತ ಇದೆ, ಲಾಗಿನ್ ಬೇಕಿಲ್ಲ. ಕಂಪನಿ ಹೆಸರೋ ಪಿಎಫ್ ಕೋಡೋ ಹಾಕಿದ್ರೆ ಯಾವ ತಿಂಗಳಿಗೆ, ಯಾವ ತಾರೀಕು, ಎಷ್ಟು ದುಡ್ಡು, ಎಷ್ಟು ಜನಕ್ಕೆ ಕಟ್ಟಿದ್ದಾರೆ ಅಂತ ಬರುತ್ತೆ. ಜನರ ಸಂಖ್ಯೆ ಮೇಲೆ ಒತ್ತಿದ್ರೆ ಹೆಸರುಗಳೂ ಬರುತ್ತೆ. ಸ್ಕ್ರೀನ್‌ಶಾಟ್ ತೆಗೆದಿಡು.

ನಾನು ಕಂಡ ಹಾಗೆ ಮುಳುಗೋ ಕಂಪನಿ ಮೊದಲು ಪಿಎಫ್ ತಪ್ಪಿಸುತ್ತೆ, ಆಮೇಲೆ ಟಿಡಿಎಸ್ (ಮುರಿದುಕೊಂಡ ತೆರಿಗೆ), ಆಮೇಲೆ ಸಂಬಳ. ನಿಮ್ಮದು ಮೊದಲನೇ ಮೆಟ್ಟಿಲಲ್ಲಿದೆ. ಸಂಬಳ ನಿಂತ ಮೇಲೆ ಓಡಾಡೋಕಿಂತ ಈಗಲೇ ಓಡಾಡೋದು ವಾಸಿ.

ಮೂರು ಕಂಪನಿ ಕಂಡವಳು:

ಹೆಸರು ಗೊತ್ತಾಗುತ್ತಾ ಅಂದ್ರೆ, ಗೊತ್ತಾಗುತ್ತೆ. ಸುಳ್ಳು ಧೈರ್ಯ ಹೇಳಲ್ಲ. 2021ರಲ್ಲಿ ನಾನು ಇಪಿಎಫ್ಒದ ದೂರು ಪೋರ್ಟಲ್ ಇಪಿಎಫ್ಐಜಿಎಂಎಸ್‌ನಲ್ಲಿ ಯುಎಎನ್ (ನಮ್ಮ ಪಿಎಫ್ ನಂಬರ್) ಹಾಕಿ ಒಬ್ಬಳೇ ದೂರು ಕೊಟ್ಟೆ. ಎಂಟನೇ ದಿನ ಎಚ್‌ಆರ್ ಕ್ಯಾಬಿನ್‌ಗೆ ಕರೆದರು. ಟೇಬಲ್ ಮೇಲೆ ನನ್ನ ದೂರಿನ ಪ್ರಿಂಟೌಟ್ ಇತ್ತು, ನನ್ನ ಹೆಸರಿಗೆ ಹಳದಿ ಹೈಲೈಟರ್ ಹಚ್ಚಿದ್ರು. 'ನಮ್ಮನ್ನ ಒಂದು ಮಾತು ಕೇಳಬಹುದಿತ್ತಲ್ಲಮ್ಮ' ಅಂದ್ರು. ಏಳು ಸಲ ಕೇಳಿದ್ದೆ. ಏಳೂ ಸಲ ಬಾಯಲ್ಲೇ ಕೇಳಿದ್ದೆ, ಅದೇ ನನ್ನ ತಪ್ಪು. ಒಂದಾದರೂ ಮೇಲ್ ಕಳಿಸಿದ್ರೆ ಆ ಪ್ರಿಂಟೌಟ್ ಪಕ್ಕ ನನ್ನ ಮೇಲ್ ಇಟ್ಟು ಮಾತಾಡ್ತಿದ್ದೆ.

ಆ ದೂರು 'ಸಂಸ್ಥೆಗೆ ಸೂಚಿಸಲಾಗಿದೆ' ಅನ್ನೋ ಒಂದು ಸಾಲಿನಲ್ಲಿ ಮುಚ್ಚಿಹೋಯ್ತು. ಅಲ್ಲಿಗೆ ಕೈಚೆಲ್ಲಿದ್ದೆ. ಆಮೇಲೆ ಕ್ಯಾಂಟೀನ್‌ನಲ್ಲಿ ಒಬ್ಬೊಬ್ಬರೇ ಅವರವರ ಪಾಸ್‌ಬುಕ್ ತೆಗೆದು ನೋಡೋಕೆ ಶುರು ಮಾಡಿದ್ರು. ಎಲ್ಲರದ್ದೂ ಒಂದೇ ತಿಂಗಳಿಗೆ ನಿಂತಿತ್ತು. ಹದಿನಾಲ್ಕು ಜನ ಸೇರಿ ಪ್ರಾದೇಶಿಕ ಪಿಎಫ್ ಆಯುಕ್ತರಿಗೆ ಕಾಗದದ ಮೇಲೆ ಅರ್ಜಿ ಬರೆದ್ವಿ. ಪ್ರತಿಯೊಬ್ಬರ ಯುಎಎನ್, ಎಷ್ಟು ತಿಂಗಳು, ಎಷ್ಟು ಮುರಿದಿದ್ದಾರೆ ಅನ್ನೋ ಒಂದು ಟೇಬಲ್, ಹಿಂದೆ ಸಂಬಳದ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್. ಎರಡು ಪ್ರತಿ ತಗೊಂಡು ಹೋಗಿ ಒಂದರ ಮೇಲೆ ಸೀಲ್ ಹಾಕಿಸಿಕೊಂಡ್ವಿ. ಆ ಸೀಲ್ ಇರೋ ಹಾಳೆಯೇ ಮುಂದೆ ಎಲ್ಲಾ ಕಡೆ ಕೆಲಸಕ್ಕೆ ಬಂತು.

ಎರಡು ತಿಂಗಳಾದ್ರೂ ಸದ್ದಿಲ್ಲ. ಹತ್ತು ರೂಪಾಯಿ ಕಟ್ಟಿ ಆನ್‌ಲೈನ್‌ನಲ್ಲಿ ಆರ್‌ಟಿಐ ಹಾಕಿದೆ: ನಮ್ಮ ಅರ್ಜಿ ಯಾರ ಟೇಬಲ್ ಮೇಲಿದೆ, ಏನು ಕ್ರಮ ಆಗಿದೆ? ಅದಾದ ಮೇಲೆ ಪಿಎಫ್ ಕಚೇರಿಯ ಎನ್‌ಫೋರ್ಸ್‌ಮೆಂಟ್ ಆಫೀಸರ್ ಕಂಪನಿಗೆ ಬಂದು ರಿಜಿಸ್ಟರ್ ನೋಡಿದ್ರು. ಆಮೇಲೆ 7ಎ ವಿಚಾರಣೆ, ಅಂದ್ರೆ ಕಂಪನಿ ಎಷ್ಟು ಬಾಕಿ ಅಂತ ಪಿಎಫ್ ಕಚೇರಿಯೇ ತೀರ್ಮಾನ ಮಾಡೋದು. ಅದರಲ್ಲಿ ಅಧಿಕಾರಿಗೆ ಸಿವಿಲ್ ಕೋರ್ಟಿನ ಅಧಿಕಾರ ಇರುತ್ತೆ, ದಾಖಲೆ ತರಿಸಬಹುದು, ಸಾಕ್ಷಿ ಕರೆಸಬಹುದು. ನಮ್ಮಲ್ಲಿ ಇಬ್ಬರನ್ನ ಕರೆದಿದ್ರು. ಮುಗಿಯೋಕೆ ಒಂದೂವರೆ ವರ್ಷ ಹಿಡೀತು. ಕೊನೆಗೆ ಕಂಪನಿಯ ಬ್ಯಾಂಕ್ ಖಾತೆಗೆ ಕೈ ಹಾಕ್ತಾರೆ ಅಂದಾಗ ನಾಲ್ಕು ಕಂತಲ್ಲಿ ಕಟ್ಟಿದ್ರು. ಅಷ್ಟರಲ್ಲಿ ನಾನು ಬೇರೆ ಕಡೆ ಸೇರಿದ್ದೆ, ಆದರೂ ನನ್ನ ಪಾಸ್‌ಬುಕ್‌ಗೆ ಬಂತು.

ಕೆಲಸದಿಂದ ತೆಗೆದ್ರಾ ಅಂತ ಕೇಳಬಹುದು. ತೆಗೀಲಿಲ್ಲ. ಇನ್‌ಕ್ರಿಮೆಂಟ್ ಮಾತ್ರ ಆ ವರ್ಷ ಸೊನ್ನೆ.

ಹುಬ್ಬಳ್ಳಿಯಾಂವ:

ಮೇಲಿನ ಅಕ್ಕಾರು ಹೇಳಿದ್ದು ಖರೇ ಐತಿ. ನಂದೊಂದು ಸೇರಸ್ರಿ. ಸ್ಲಿಪ್ ಎಲ್ಲಾ ಈಗs ಡೌನ್‌ಲೋಡ್ ಮಾಡಿ ನಿಮ್ಮ ಸ್ವಂತ ಮೇಲ್‌ಗೆ ಹಾಕ್ಕೋರಿ. ನಾ ರಾಜೀನಾಮಿ ಕೊಟ್ಟ ದಿನ ಸಂಜಿಗೇ ನನ್ನ ಲಾಗಿನ್ ಬಂದ್ ಮಾಡಿದ್ರು, ಒಂದ ಸ್ಲಿಪ್ಪೂ ಕೈಯಾಗ ಉಳೀಲಿಲ್ಲ. ತೆರಿಗಿ ಲೆಕ್ಕಕ್ಕ ಕಂಪನಿ ಕೊಡೋ ಫಾರ್ಮ್ 16 ಒಂದ ಉಳಿದಿತ್ತು, ಅದರಾಗ 80ಸಿ ಕೆಳಗ ಪಿಎಫ್ ಕಟ್ ಆದ ಮೊತ್ತ ಬರದಿದ್ರು. ಅದನ್ನ ಹಿಡಕೊಂಡ ಹೋದೆ, ನಡೀತು. ಮತ್ತ ಪಾಸ್‌ಬುಕ್ ಸೈಟ್ ತಗೀಲಿಲ್ಲಂದ್ರ ರಿಜಿಸ್ಟರ್ ಆದ ಮೊಬೈಲಿಂದ 7738299899ಕ್ಕ ಎಸ್ಎಂಎಸ್ ಕಳಸ್ರಿ. ಇಂಗ್ಲಿಷ್ ಅಕ್ಷರದಾಗ ಇಪಿಎಫ್ಒಎಚ್ಒ, ಜಾಗ ಬಿಟ್ಟು ಯುಎಎನ್, ಜಾಗ ಬಿಟ್ಟು ಕೆಎಎನ್. ಕೊನೀ ಮೂರು ಅಕ್ಷರ ಹಾಕಿದ್ರ ಉತ್ತರ ಕನ್ನಡದಾಗ ಬರ್ತೈತಿ.

ಗಾರ್ಮೆಂಟ್ಸ್ ಅಕ್ಕ:

ಹೆಸರು ಹೊರಗೆ ಬರಬಾರದು ಅಂದ್ರೆ ಸಂಘದ ಲೆಟರ್‌ಹೆಡ್‌ನಲ್ಲಿ ಕೊಡಿಸಿ. ನಮ್ಮ ಲೈನ್‌ನಲ್ಲಿ ಹಾಗೇ ಮಾಡಿದ್ದು. ಸಂಘ ಇಲ್ಲದ ಕಡೆ ಎಲ್ಲರೂ ಸಹಿ ಹಾಕಿ. ಮೂವತ್ತು ಜನರ ಸಹಿ ಇದ್ರೆ ಯಾರನ್ನ ಅಂತ ತೆಗೀತಾರೆ? 2016ರ ಏಪ್ರಿಲ್‌ನಲ್ಲಿ ಪಿಎಫ್ ವಾಪಸ್ ತೆಗೆಯೋ ನಿಯಮ ಬಿಗಿ ಮಾಡಿದಾಗ ಬೆಂಗಳೂರಲ್ಲಿ ನಾವೆಲ್ಲಾ ಮೆಷಿನ್ ಬಿಟ್ಟು ಹೊಸೂರು ರಸ್ತೆಗೆ ಇಳಿದಿದ್ವಿ, ಎರಡೇ ದಿನಕ್ಕೆ ಸರ್ಕಾರ ಆ ನಿಯಮ ಕೈಬಿಡ್ತು. ಅವತ್ತು ಒಬ್ಬೊಬ್ಬರೇ ಹೋಗಿ ಕೇಳಿದ್ರೆ ಗೇಟೂ ತೆಗೀತಿರಲಿಲ್ಲ.

ಇನ್ನೊಂದು ಮಾತು. 'ಪಿಎಫ್ ಬೇಡ, ಆ ದುಡ್ಡು ಕೈಗೇ ಕೊಡ್ತೀವಿ, ಇಲ್ಲಿ ಸಹಿ ಮಾಡು' ಅಂತ ಬಂದ್ರೆ ಮಾಡಬೇಡ ತಮ್ಮ. ನಮ್ಮ ಪಕ್ಕದ ಮೆಷಿನ್‌ನವಳು ಮಾಡಿದ್ಲು. ಕಡೆಗೆ ಪಿಂಚಣಿಗೆ ಬೇಕಾದ ಹತ್ತು ವರ್ಷಕ್ಕೆ ಅವಳಿಗೆ ಏಳೇ ತಿಂಗಳು ಕಮ್ಮಿ ಬಿತ್ತು.

ಕಾನೂನು ಓದಿದವ:

ಮೇಲಿನವರು ಹೇಳಿದ್ದಕ್ಕೆ ಸ್ವಲ್ಪ ಕಾನೂನು ಸೇರಿಸುತ್ತೇನೆ. ತಡವಾಗಿ ಕಟ್ಟಿದರೆ ಕಂಪನಿಗೆ ವರ್ಷಕ್ಕೆ 12% ಬಡ್ಡಿ ಬೀಳುತ್ತದೆ. ಅದರ ಮೇಲೆ ದಂಡವೂ ಉಂಟು, 2024ರ ಜೂನ್‌ನಿಂದ ಅದು ಬಾಕಿಯ ಮೇಲೆ ತಿಂಗಳಿಗೆ 1%. 'ಬೇಕಂತ ಮಾಡಿದ್ದಲ್ಲ, ನಷ್ಟದಲ್ಲಿದ್ದೆವು' ಎಂಬ ವಾದಕ್ಕೆ ಬೆಲೆ ಕಡಿಮೆ. ನಮ್ಮ ಕೊಡಗಿನ ಗೋಣಿಕೊಪ್ಪದ ತೋಟಗಾರಿಕಾ ಪ್ರಯೋಗ ಕೇಂದ್ರದ ಪ್ರಕರಣದಲ್ಲೇ 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ದಂಡ ಹಾಕಲು ದುರುದ್ದೇಶ ಸಾಬೀತಾಗಬೇಕಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಇನ್ನೊಂದು ತೀರ್ಪು ಬಂತು. ನೌಕರರಿಂದ ಮುರಿದುಕೊಂಡ ಪಾಲನ್ನು ಗಡುವಿನೊಳಗೆ ಕಟ್ಟದಿದ್ದರೆ ಆ ಮೊತ್ತವನ್ನು ಕಂಪನಿ ತನ್ನ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯುವಂತಿಲ್ಲ ಎಂದಿತು. ಮಾಲೀಕರಿಗೆ ಮೊದಲನೆಯದಕ್ಕಿಂತ ಇದೇ ಹೆಚ್ಚು ಉರಿಯುತ್ತದೆ ಎಂಬುದು ನನ್ನ ಅನುಭವ. ಎಚ್‌ಆರ್‌ಗೆ ಬರೆಯುವ ಮೇಲ್‌ನಲ್ಲಿ ಇದನ್ನು ಒಂದು ಸಾಲು ಸೇರಿಸಿ, ಮೇಲ್ ತಾನಾಗಿ ಆಡಿಟರ್ ಮೇಜಿಗೆ ಹೋಗುತ್ತದೆ.

ನೌಕರರ ಪಾಲು ಮುರಿದುಕೊಂಡು ಕಟ್ಟದಿರುವುದು ಕ್ರಿಮಿನಲ್ ನಂಬಿಕೆ ದ್ರೋಹ ಕೂಡ. ಹಿಂದೆ ಐಪಿಸಿ 405ರ ವಿವರಣೆಯಲ್ಲೇ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 316ರಲ್ಲಿದೆ. ಆದರೂ ಮೊದಲ ದಿನವೇ ಪೊಲೀಸ್ ಠಾಣೆಗೆ ಹೋಗಿ ಎನ್ನುವುದಿಲ್ಲ. 'ಇದು ಸಿವಿಲ್ ಮ್ಯಾಟರ್, ಪಿಎಫ್ ಆಫೀಸ್‌ಗೆ ಹೋಗಿ' ಎಂದು ವಾಪಸ್ ಕಳಿಸಿದ್ದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಪಿಎಫ್ ಕಚೇರಿಯ ಕಾಗದ ಕೈಗೆ ಬಂದ ಮೇಲೆ ಹೋದರೆ ಮಾತು ನಿಲ್ಲುತ್ತದೆ.

ಕಂಪನಿ ದಿವಾಳಿಯಾಗಿ ಅದರ ಆಸ್ತಿ ಮಾರಿ ಹಂಚುವ ಲಿಕ್ವಿಡೇಟರ್ ಬಂದರೂ ಎದೆಗುಂದಬೇಡಿ. ಪಿಎಫ್, ಪಿಂಚಣಿ, ಗ್ರಾಚ್ಯುಯಿಟಿ ನಿಧಿಯ ಹಣ ಸಾಲಗಾರರಿಗೆ ಹಂಚುವ ಆಸ್ತಿಯೊಳಗೆ ಸೇರುವುದಿಲ್ಲ. ಆದರೆ ಗಡುವಿನೊಳಗೆ ಕ್ಲೇಮ್ ಹಾಕಬೇಕು, ಸುಮ್ಮನೆ ಕೂತವರನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ.

ನೈಟ್ ಶಿಫ್ಟ್:

ನಾನು ಸೆಕ್ಯುರಿಟಿ ಏಜೆನ್ಸಿ ಕಡೆಯಿಂದ ಒಂದು ಫ್ಯಾಕ್ಟರಿ ಗೇಟ್‌ನಲ್ಲಿ ನಿಲ್ಲೋನು. ಏಜೆನ್ಸಿಯವರು ಪಿಎಫ್ ಕಟ್ಟದೆ ಆಫೀಸ್ ಖಾಲಿ ಮಾಡ್ಕೊಂಡು ಹೋದ್ರು. ಪಿಎಫ್ ಆಫೀಸ್‌ನಲ್ಲಿ ಒಬ್ಬ ಕ್ಲರ್ಕ್ ಪುಣ್ಯಾತ್ಮ ಹೇಳಿದ್ರು: ಕಾಂಟ್ರಾಕ್ಟರ್ ಕಟ್ಟದಿದ್ರೆ ಕೆಲಸ ಮಾಡಿಸ್ಕೊಂಡ ಮೂಲ ಕಂಪನಿಯೇ ಕಟ್ಟಬೇಕು. ಫ್ಯಾಕ್ಟರಿ ಹೆಸರಿಗೇ ದೂರು ಬರೆದ್ವಿ. ಗೇಟ್ ಪಾಸ್, ಹಾಜರಿ ಪುಸ್ತಕದ ಫೋಟೋ ಇದ್ದಿದ್ದಕ್ಕೆ ಬಚಾವ್.

ಹಳೇ ಲೆಕ್ಕಿಗ:

ಮರೆತಿದ್ದೆ. ಕಾರ್ಮಿಕ ಇಲಾಖೆಗೆ ಹೋಗಿ ದಿನ ಕಳೀಬೇಡಿ, ಅಲ್ಲಿ ಸಂಬಳ, ಗ್ರಾಚ್ಯುಯಿಟಿ ವಿಷಯ ನೋಡ್ತಾರೆ. ಪಿಎಫ್ ಕೇಂದ್ರದ್ದು, ಇಪಿಎಫ್ಒಗೇ ಹೋಗಬೇಕು. ಕಂಪನಿಯ ಕೋಡ್‌ನ ಮೊದಲ ಐದು ಅಕ್ಷರದಲ್ಲೇ ಯಾವ ಕಚೇರಿ ಅಂತ ಇರುತ್ತೆ, ನಿಮ್ಮ ಮನೆ ಹತ್ತಿರದ್ದಕ್ಕೆ ಹೋದ್ರೆ ತಿರುಗಿಸಿ ಕಳಿಸ್ತಾರೆ. ದೊಡ್ಡ ಕಂಪನಿಗಳಲ್ಲಿ ಸ್ವಂತ ಪಿಎಫ್ ಟ್ರಸ್ಟ್ ಇದ್ರೆ ಇಪಿಎಫ್ಒ ಪಾಸ್‌ಬುಕ್‌ನಲ್ಲಿ ಪಿಎಫ್ ದುಡ್ಡು ಕಾಣದೇ ಇರಬಹುದು, ಗಾಬರಿ ಆಗೋ ಮುಂಚೆ ಅದನ್ನ ಕೇಳ್ಕೊಳ್ಳಿ.

ಮತ್ತೆ, ಆಗಲೇ ಖಾತೆಯಲ್ಲಿರೋ ದುಡ್ಡಿಗೆ ಅಡ್ವಾನ್ಸ್ ಹಾಕೋಕೆ ಇದ್ಯಾವುದೂ ಅಡ್ಡಿ ಇಲ್ಲ. ಆಧಾರ್, ಬ್ಯಾಂಕ್ ಎಲ್ಲಾ ಜೋಡಣೆ ಆಗಿದ್ರೆ ಕಂಪನಿ ಸಹಿ ಬೇಕಿಲ್ಲ. ಮನೆ ಸೋರೋದನ್ನ ಮೊದಲು ನೋಡು.

ಪೀಣ್ಯದ ಹುಡುಗ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಸರ್ಚ್ ಮಾಡಿದೆ. ಮೊದಲೆಲ್ಲಾ ತಿಂಗಳಿಗೆ 61 ಜನ ಅಂತ ಇದೆ. ಆಮೇಲಿನ ಒಂಬತ್ತು ತಿಂಗಳು ಖಾಲಿ ಇರುತ್ತೆ ಅಂದ್ಕೊಂಡಿದ್ದೆ, ಖಾಲಿ ಇಲ್ಲ! ಪ್ರತಿ ತಿಂಗಳೂ 9 ಜನಕ್ಕೆ ಕಟ್ಟಿದ್ದಾರೆ. ಹೆಸರು ತೆಗೆದು ನೋಡಿದೆ. ಮ್ಯಾನೇಜರ್‌ಗಳು, ಅಕೌಂಟ್ಸ್‌ನವರು, ಮತ್ತೆ ಸರ್ವರ್ ಪ್ರಾಬ್ಲಂ ಅಂದ ಎಚ್‌ಆರ್ ಮೇಡಂ.

ಹಳೇ ಲೆಕ್ಕಿಗ:

ಆ ಪುಟದ ಪ್ರಿಂಟ್ ತಗೊಂಡು ಅರ್ಜಿಗೆ ಮೊದಲನೇ ಹಾಳೆಯಾಗಿ ಪಿನ್ ಮಾಡು. 9 ಜನಕ್ಕೆ ಕಟ್ಟೋಕೆ ದುಡ್ಡಿತ್ತು, 52 ಜನಕ್ಕೆ ಇರಲಿಲ್ಲ ಅನ್ನೋದನ್ನ ವಿಚಾರಣೆಯಲ್ಲಿ ಅವರೇ ವಿವರಿಸಲಿ.

ಪೀಣ್ಯದ ಹುಡುಗ:

ಮಧ್ಯಾಹ್ನ ಊಟದ ಹೊತ್ತಲ್ಲಿ ತೋರಿಸಿದೆ. ಇಷ್ಟು ದಿನ 'ನಮಗ್ಯಾಕೆ ಬಿಡೋ' ಅಂತಿದ್ದೋರೇ ಯುಎಎನ್ ಬರೆದುಕೊಟ್ರು. ಸಂಜೆ ಹೊತ್ತಿಗೆ 38 ಸಹಿ ಆಯ್ತು. ಎಚ್‌ಆರ್‌ಗೆ ಮೇಲ್ ಕಳಿಸಿದೀನಿ, 38 ಜನಕ್ಕೂ ಕಾಪಿ ಹಾಕಿ.

ಮೂರು ಕಂಪನಿ ಕಂಡವಳು:

ಪ್ರತಿ ತಿಂಗಳು 27ಕ್ಕೆ ನಿಧಿ ಆಪ್ಕೆ ನಿಕಟ್ ಅಂತ ಇಪಿಎಫ್ಒನವರೇ ಜಿಲ್ಲೆಗಳಲ್ಲಿ ಕೂತು ದೂರು ಕೇಳ್ತಾರೆ, ಅವತ್ತು ರಜೆ ಇದ್ರೆ ಮುಂದಿನ ಕೆಲಸದ ದಿನ. ಅಲ್ಲಿಗೆ ನಾಲ್ಕೈದು ಜನ ಹೋಗಿ, ಎಲ್ಲರೂ ಒಟ್ಟಿಗೆ ಮಾತಾಡಬೇಡಿ. ಸೀಲ್ ಹಾಕಿಸೋದು ಮರೀಬೇಡ.

ಪೀಣ್ಯದ ಹುಡುಗ:

ಐದು ಜನ ಹೋಗ್ತಿದೀವಿ ಅಕ್ಕ. ಎರಡು ಪ್ರತಿ ಜೆರಾಕ್ಸ್ ಆಯ್ತು.