ಅಪ್‌ಡೇಟ್: ಜರ್ಮನಿಯಲ್ಲಿ ತಂಬುಳಿಗೆ ಮೊಸರು ಸಿಕ್ಕಿತು

ಹೋದ ತಿಂಗಳು ಕೇಳಿದ್ದೆ ಅಲ್ವಾ, ಶಿರಸಿಯಿಂದ ಜರ್ಮನಿಗೆ ಹೊಸದಾಗಿ ಬಂದಿದ್ದೇನೆ, ತಂಬುಳಿಗೆ ಮೊಸರು, ಕಾಯಿ ಎಲ್ಲಿ ಹುಡುಕಲಿ ಅಂತ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ಮೊದಲು ನಾನು ತಂದಿದ್ದು ಕ್ವಾರ್ಕ್, ಇಲ್ಲಿನ ಒಂದು ಬಗೆಯ ಮೆತ್ತನೆ ಚೀಸ್. ಡಬ್ಬಿ ನೋಡಿದರೆ ಮೊಸರೇ ಅನ್ನಿಸಿತು, ಚಮಚ ಹಾಕಿದರೆ ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಹಾಗೆ ಗಟ್ಟಿ, ಎಷ್ಟು ಕಡೆದರೂ ಹದಕ್ಕೆ ಬರಲಿಲ್ಲ. ಆಮೇಲೆ ನೀವು ಹೇಳಿದ ‘ನಾಟೂರ್‌ಯೋಗುರ್ಟ್’ (ಸಾದಾ ಮೊಸರು) ತಂದೆ, ಶೇ 3.5 ಕೊಬ್ಬಿನದು. ಅದೇ ನಮ್ಮ ಮೊಸರು! ರಾತ್ರಿ ಹೊರಗಿಟ್ಟು ಸ್ವಲ್ಪ ಹುಳಿ ಬರಿಸಿದೆ. ಜೀರಿಗೆ, ಕಾಳುಮೆಣಸು ತುಪ್ಪದಲ್ಲಿ ಹುರಿದು, ಏಷ್ಯನ್ ಅಂಗಡಿಯ ಫ್ರೋಜನ್ ಕಾಯಿತುರಿ ಜೊತೆ ಬೀಸಿದೆ. ಒಂದೆಲಗ ಎಲ್ಲಿ ಸಿಗಬೇಕು, ಪಾಲಕ್ ಹಾಕಿದೆ. ವಿಡಿಯೋ ಕಾಲ್‌ನಲ್ಲಿ ತೋರಿಸಿದರೆ ಆಯಿ, “ಅಡ್ಡಿಲ್ಲೆ ತಮಾ” ಅಂದಳು. ಆಯಿ ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ, ನನಗೆ ಕಣ್ಣು ತುಂಬಿ ಬಂತು.

ಹೊಸದಾಗಿ ಬರುವವರಿಗೆ ಇನ್ನೆರಡು ಮಾತು. ಭಾನುವಾರ ಇಲ್ಲಿ ಹೆಚ್ಚುಕಡಿಮೆ ಎಲ್ಲ ಅಂಗಡಿ ಬಂದ್, ಶನಿವಾರವೇ ತಂದಿಡಿ. ನೀರಿನ ಪ್ಲಾಸ್ಟಿಕ್ ಬಾಟಲಿ ಸುಮ್ನೆ ಎಸೆಯಬೇಡಿ, ಅಂಗಡಿಯ ಮಷೀನಿಗೆ ಹಾಕಿದರೆ ಹೆಚ್ಚಾಗಿ ಒಂದಕ್ಕೆ 25 ಸೆಂಟ್ ವಾಪಸ್ ಬರುತ್ತದೆ.

ಮುರುಗಲು (ಕೋಕಂ) ಮಾತ್ರ ಇನ್ನೂ ಸಿಕ್ಕಿಲ್ಲ. ಸಿಪ್ಪೆ ಒಣಗಿಸಿ ಇಡು ಅಂತ ಆಯಿಗೆ ಹೇಳಿದ್ದೇನೆ.