ವಿಗ್ ಹಾಕೋದಾ, ಇಕ್ಕೋದಾ, ಕೂರಿಸೋದಾ, ಕಟ್ಟೋದಾ?

ಎಲ್ಲರಿಗೂ ನಮಸ್ಕಾರ. ಮಂಡ್ಯ ಕಡೆ ಹಳ್ಳಿಗಳಲ್ಲಿ ಪೌರಾಣಿಕ ನಾಟಕಕ್ಕೆ ಮೇಕಪ್ ಮಾಡೋದು ಹೊಸದಾಗಿ ಕಲೀತಿರೋ ಹುಡುಗರಿಗೆ ಅಂತ ಒಂದು ಸಣ್ಣ ಕೈಪಿಡಿ ತಯಾರಾಗ್ತಿದೆ, ಅದರ ಭಾಷೆ ತಿದ್ದೋ ಕೆಲಸ ನನ್ನದು. ವಿಗ್ ಭಾಗದ ಕರಡಲ್ಲಿ ಎಲ್ಲಾ ಕಡೆ ‘ವಿಗ್ ಧರಿಸಿ, ನಂತರ ಭದ್ರಪಡಿಸಿ’ ಅಂತಿದೆ. ವ್ಯಾಕರಣಕ್ಕೇನೂ ತಪ್ಪಿಲ್ಲ, ಆದ್ರೆ ಬಣ್ಣದ ಮನೇಲಿ (ಮೇಕಪ್ ಮಾಡೋ ಕೋಣೇಲಿ) ಯಾರ ಬಾಯಲ್ಲೂ ಈ ಮಾತು ಬರಲ್ಲ, ಅದಕ್ಕಿಂತ ಮುಖ್ಯವಾಗಿ ಕಲಿಯೋನ ಕೈಗೆ ಏನು ಕೆಲಸ ಅಂತ ಈ ಎರಡೂ ಪದ ಹೇಳೋದೇ ಇಲ್ಲ. ಕನ್ನಡದಲ್ಲಿ ಮೈಮೇಲೆ ಹಾಕ್ಕೊಳ್ಳೋದಕ್ಕೆ ಒಂದೊಂದಕ್ಕೂ ಒಂದು ಕ್ರಿಯಾಪದ ಇದೆಯಲ್ಲ, ಸೀರೆ ಉಡ್ತೀವಿ, ಅಂಗಿ ತೊಡ್ತೀವಿ, ಹೂ ಮುಡೀತೀವಿ, ಶಾಲು ಹೊದೀತೀವಿ, ಪೇಟ ಸುತ್ತೀವಿ, ಚಪ್ಪಲಿ ಮೆಟ್ಟೀವಿ, ಗೆಜ್ಜೆ ಕಟ್ಟೀವಿ. ಇಷ್ಟೆಲ್ಲ ಇಟ್ಕೊಂಡು ವಿಗ್ಗಿಗೆ ಮಾತ್ರ ‘ಧರಿಸು’ ಯಾಕೆ?

ನನ್ನ ಕಿವಿಗೆ ಬಿದ್ದಿರೋದು ಹೇಳ್ತೀನಿ. ಮೈಸೂರಿನ ಹವ್ಯಾಸಿ ತಂಡಗಳಲ್ಲಿ ಸುಮ್ನೆ ‘ವಿಗ್ ಹಾಕು’. ಮದ್ದೂರು, ಮಳವಳ್ಳಿ ಕಡೆ ಪಾರ್ಟು ಮಾಡೋರು ‘ವಿಗ್ಗು ಇಕ್ಕೊಳಪ್ಪ, ಟೇಮಾಯ್ತು’ ಅಂತಾರೆ. ಈ ಇಕ್ಕು ಹಳಗನ್ನಡದಿಂದ್ಲೂ ಇರೋ ಪದ, ಬಟ್ಟೆ ಇಕ್ಕೊಳ್ಳೋದು, ಟೋಪಿ ಇಕ್ಕೊಳ್ಳೋದು ಅಂತ ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ದಿನಬಳಕೇಲಿದೆ, ಪುಸ್ತಕದಲ್ಲಿ ಬರೆಯೋಕೆ ಮಾತ್ರ ಎಲ್ರಿಗೂ ಸಂಕೋಚ. ನಾಟಕದ ಹಳಬರಲ್ಲಿ ವಿಗ್ಗಿಗೆ ‘ಟೋಪನ್’ ಅನ್ನೋರೂ ಇದಾರೆ. ಚೌರಿ ಬೇರೆ, ಅದು ಇರೋ ಕೂದಲಿಗೆ ಸೇರಿಸಿ ಜಡೆ ಹೆಣೆಯೋದು, ಇಡೀ ತಲೆ ಮುಚ್ಚಲ್ಲ, ಕರಡಲ್ಲಿ ಎರಡನ್ನೂ ‘ಕೃತಕ ಕೂದಲು’ ಅಂತ ಒಂದೇ ಮಾಡ್ಬಿಟ್ಟಿದಾರೆ, ಅದನ್ನಂತೂ ತೆಗೆದುಹಾಕ್ದೆ. ಇನ್ನು ಮೀಸೆ ಅಂಟಿಸೋದು, ಗಡ್ಡ ಕಟ್ಟೋದು, ಇವೆರಡರಲ್ಲಿ ಯಾರಿಗೂ ಗೊಂದಲ ಇಲ್ಲ.

ನನಗನ್ನಿಸೋದು, ವಿಗ್ಗಿಗೆ ಒಂದೇ ಕ್ರಿಯಾಪದ ಸಾಲಲ್ಲ, ಯಾಕಂದ್ರೆ ಕೆಲಸ ಒಂದಲ್ಲ. ಮೊದಲು ಸ್ವಂತ ಕೂದಲನ್ನ ಸಣ್ಣ ಸಣ್ಣ ಎಳೆ ಮಾಡಿ ಬೆರಳಿಗೆ ಸುತ್ತಿ ತಲೆಗೆ ಚಪ್ಪಟೆ ಆಗೋ ಹಾಗೆ ಒತ್ತಿ, ಎರಡು ಪಿನ್ನು ಅಡ್ಡಡ್ಡ ಕತ್ತರಿ ಆಕಾರಕ್ಕೆ ಸಿಕ್ಕಿಸ್ತಾರೆ, ಆಮೇಲೆ ಮೇಲೆ ವಿಗ್ ಕ್ಯಾಪ್ (ಕೂದಲು ಅಡಗಿಸೋ ತೆಳು ಟೋಪಿ) ಎಳೀತಾರೆ. ವಿಗ್ಗಿನ ಮುಂದಿನ ಅಂಚನ್ನ ಹಣೆ ಮೇಲೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಹಿಂಭಾಗಾನ ಹೆಡತಲೆವರೆಗೂ ಎಳೆದು, ಎರಡೂ ಕಿವಿ ಮುಂದೆ ಬರೋ ಸಣ್ಣ ತುಂಡುಗಳು ಸಮ ಇದಾವಾ ಅಂತ ನೋಡೋದು. ಇದಕ್ಕೆ ‘ಕೂರಿಸು’ ಅನ್ನೋದೇ ಸರಿ ಅಂತ ನನ್ನ ವಾದ, ‘ವಿಗ್ ಸರಿಯಾಗಿ ಕೂತಿಲ್ಲ’ ಅಂತ ನಾವೇ ಹೇಳ್ತೀವಲ್ಲ. ಆಮೇಲೆ ಬರೋದು ಬಿಗಿ ಮಾಡೋ ಕೆಲಸ. ಪಿನ್ನು ವಿಗ್ಗಿನ ಅಂಚಿನ ಬಟ್ಟೆ ಜೊತೆಗೆ ಕೆಳಗೆ ಸುತ್ತಿಟ್ಟಿರೋ ಆ ಕೂದಲಿನ ಸುರುಳೀನೂ ಹಿಡೀಬೇಕು, ಬರೀ ಕ್ಯಾಪಿಗೆ ಸಿಕ್ಕಿದ್ರೆ ಕ್ಯಾಪ್ ಸಮೇತ ಜಾರತ್ತೆ. ಈ ಹಿಡಿತಕ್ಕೆ ಒಬ್ಬ ಮೇಕಪ್ಪಿನೋರು ‘ಪಿನ್ನು ಕಚ್ಚಬೇಕು’ ಅಂದ್ರು, ನನಗೆ ಭಾಳ ಹಿಡಿಸ್ತು. ಕಚ್ಚಿದೆಯಾ ಇಲ್ವಾ ಅಂತ ತಲೆ ಒದರಿದ್ರೆ ಗೊತ್ತಾಗತ್ತೆ. ‘ಭದ್ರಪಡಿಸಿ’ ಅಂತ ಓದಿದ ಹುಡುಗ ಪಿನ್ನನ್ನ ಎಲ್ಲೋ ಒಂದು ಕಡೆ ಚುಚ್ಚಿ ಎದ್ದೋಗ್ತಾನೆ.

ಕೃಷ್ಣನ ಪಾತ್ರದಲ್ಲಂತೂ ಉದ್ದ ಗುಂಗುರು ಕೂದಲಿನ ವಿಗ್ ಮೇಲೆ ಕಿರೀಟಾನೂ ಬರತ್ತೆ, ಆ ಭಾರ ಹಿಂದಕ್ಕೆ ಎಳೆಯುತ್ತೆ, ರಾತ್ರಿಯೆಲ್ಲಾ ಹಾರ್ಮೋನಿಯಂ ಜೊತೆ ಹಾಡ್ತಾ ನಿಂತಿರಬೇಕು. ಅಲ್ಲಿ ಕಿರೀಟದ ದಾರಾನ ಹಿಂದೆ ಗಂಟು ಹಾಕಿ ಬಿಗೀತಾರೆ, ಅದಕ್ಕೆ ‘ಕಟ್ಟು’ ಸಹಜವಾಗಿ ಬರತ್ತೆ, ವೇಷ ಕಟ್ಟೋದು ಅನ್ನೋ ಮಾತೂ ಇದೆ. ಕೂದಲೇ ಇಲ್ಲದೋರಿಗೆ ಪಿನ್ನು ಕಚ್ಚೋಕೆ ಜಾಗ ಇಲ್ಲ, ಸ್ಪಿರಿಟ್ ಗಮ್ (ಮೇಕಪ್ಪಿನ ಅಂಟು) ಹಚ್ಚಿ ಒಂಚೂರು ಅಂಟಂಟು ಆಗೋತನಕ ಕಾದು ವಿಗ್ಗಿನ ಲೇಸ್ ಅಂಚನ್ನ (ಬಲೆಯಂಥ ತೆಳು ಬಟ್ಟೇನ) ಒತ್ತಬೇಕು, ಹಾಗಾಗಿ ‘ಅಂಟಿಸು’. ತೆಗೆಯೋವಾಗ ಮೊದಲು ಪಿನ್ನು ಬಿಡಿಸಿ, ಗಮ್ ಹಾಕಿದ್ರೆ ಅದನ್ನೂ ಕರಗಿಸಿ, ಆಮೇಲೆ ಹೆಡತಲೆ ಕಡೆಯಿಂದ ಮುಂದಕ್ಕೆ ಎತ್ತೋದು. ಇದಕ್ಕೆ ‘ಕಳಚು’ ಅಂತ ಬರೆದಿದೀನಿ.

ಹಣೆ ಮೇಲೆ ಬರೋ ಅಂಚಿಗೆ ‘ಮುಂದಲೆ’ ಅಂತ ಬರೆಯೋಣ ಅನ್ನೋ ಸಲಹೆ ಬಂತು. ಮಾತು ಚೆನ್ನಾಗಿದೆ, ಆದ್ರೆ ಕರಾವಳಿ ಯಕ್ಷಗಾನದಲ್ಲಿ ಕೇದಗೆ ಮುಂದಲೆ ಅಂದ್ರೆ ತಲೆಗೆ ಕಟ್ಟೋ ಒಂದು ಅಲಂಕಾರದ ಹೆಸರೇ ಆಗಿರೋದ್ರಿಂದ ಆ ಕಡೆಯೋರು ಓದಿದ್ರೆ ಬೇರೇನೇ ಅರ್ಥ ಆಗತ್ತೆ, ಅದಕ್ಕೆ ಸದ್ಯಕ್ಕೆ ‘ಹಣೆಯಂಚು’ ಅಂತ ಇಟ್ಟಿದೀನಿ.

ಈಗ ಕೇಳಬೇಕಾಗಿರೋದು. ಡ್ರಾಮಾ ಸೀನರಿಯೋರ (ನಾಟಕಕ್ಕೆ ಪರದೆ, ವೇಷಭೂಷಣ ಬಾಡಿಗೆಗೆ ಕೊಡೋರ) ಜೊತೆ, ಕಂಪನಿ ನಾಟಕದೋರ ಜೊತೆ, ರಂಗಾಯಣದ ಕಡೆ ಒಡನಾಟ ಇರೋರು ಹೇಳಿ, ಕಿವಿ ಮುಂದಿನ ಆ ತುಂಡಿಗೆ ನಿಮ್ಮಲ್ಲಿ ಏನಂತಾರೆ? ‘ಪಿನ್ನು ಕಚ್ಚು’ ಬೇರೆ ಊರಲ್ಲೂ ಕೇಳಿದೀರಾ? ‘ಇಕ್ಕು’ ಅಂತ ಅಚ್ಚು ಹಾಕಿಸಿದ್ರೆ ಮೈಸೂರು ಪೇಟೆ ಹುಡುಗರಿಗೆ ತೊಡಕಾಗುತ್ತಾ, ಇಲ್ಲ ಸಲೀಸಾಗಿ ಓದ್ಕೋತಾರಾ? ಬರೀ ಪದ ಕೊಡೋ ಬದಲು ಬಣ್ಣದ ಮನೇಲಿ ಕೇಳಿದ ಇಡೀ ವಾಕ್ಯ ಬರೆದು, ಯಾವ ತಾಲ್ಲೂಕಿನ ಮಾತು ಅಂತಾನೂ ಸೇರಿಸಿದ್ರೆ ಕೈಪಿಡೀಲಿ ಹಾಗೇ ಹಾಕ್ಕೋತೀವಿ.